ಕಾಣಲಿಲ್ಲ, ಇಷ್ಟರ ಮಟ್ಟಿಗೆ

ಒಂಬತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ
ಏಪ್ರನ್ನಿನ ಕಿಸೆಯಲ್ಲಿ ಫೋನು ನಡುಗಿತು.
ಆಗ ನಾನು ಕುಲುಮೆಯ ಬಾಯಿಗೆ ಮುಖ ಕೊಟ್ಟು ನಿಂತಿದ್ದೆ.

ಹಟ್ಟಿಯ ಗಣಿ, ಅಸೇ ಲ್ಯಾಬು, ಎರಡನೆಯ ಪಾಳಿ.
ಎಲುಬಿನ ಬೂದಿಯ ಇಪ್ಪತ್ತನಾಲ್ಕು ಬಟ್ಟಲು,
ಒಂದೊಂದರಲ್ಲೂ ಕುದಿಯುವ ಸೀಸ.
ಬಟ್ಟಲು ಸೀಸವನ್ನು ಕುಡಿಯುತ್ತದೆ, ಕುಡಿಯುತ್ತದೆ,
ಕೊನೆಯ ತೊಟ್ಟು ಇಂಗಿದ ಗಳಿಗೆ
ಉಳಿದ ಚೂರು ಒಮ್ಮೆ ಫಳ್ಳನೆ ಮಿಂಚುತ್ತದೆ.
ಉಳಿದಿದ್ದರೆ.
ಆ ಮಿಂಚಿಗಾಗಿ ಹತ್ತೊಂಬತ್ತು ವರ್ಷದಿಂದ
ನೀಲಿ ಕನ್ನಡಕ ಹಾಕಿಕೊಂಡು ಬೆವರುವವಳು ನಾನು.

ಫೋನು ಹೇಳಿದ್ದಿಷ್ಟು: ಮೇಲೆ ಸುತ್ತುವ ಉಪಗ್ರಹಕ್ಕೆ
ಗಾಮಾ ಕಿರಣದ ಸ್ಫೋಟವೊಂದು ತಾಗಿದೆ. ನಲವತ್ತೊಂದು ಸೆಕೆಂಡು.
ಸ್ವಾತಿಯಿಂದ ಒಂದು ಗೇಣು ಬಡಗಣಕ್ಕೆ.
ಮುಗಿದಿದೆ. ಇನ್ನು ಉಳಿದದ್ದು ಅದರ ಹಿಂಬೆಳಕು.

ಹಿಂಬೆಳಕಿನ ಲೆಕ್ಕ ನಿರ್ದಯ:
ಹೊತ್ತು ಎರಡರಷ್ಟಾದರೆ ಬೆಳಕು ಅರ್ಧಕ್ಕೂ ಕೆಳಗೆ,
ಮತ್ತೆ ಎರಡರಷ್ಟು, ಮತ್ತೆ ಅರ್ಧಕ್ಕೂ ಕೆಳಗೆ.
ಕ್ವಾರ್ಟರ್ಸಿನ ತಾರಸಿಯಲ್ಲಿ, ತಳ ತೂತಾದ ನೀರಿನ ಟ್ಯಾಂಕಿನೊಳಗೆ,
ಎರಡು ಬೇಸಿಗೆ ಕೂತು ನಾನೇ ಉಜ್ಜಿದ ಎಂಟಿಂಚಿನ ಕನ್ನಡಿ.
ನಡೆದರೆ ಹನ್ನೊಂದು ನಿಮಿಷ. ಓಡಿದರೆ ಆರು.
ಕುಲುಮೆಯಲ್ಲಿ ಇಪ್ಪತ್ತನಾಲ್ಕು ಬಟ್ಟಲು.

ನಾನು ಓಡಲಿಲ್ಲ.
ಇಕ್ಕಳ ಹಿಡಿದು ನಿಂತೆ. ಏಳನೆಯದು ಮಿಂಚಿತು, ಹದಿಮೂರನೆಯದು ಮಿಂಚಿತು,
ಮಿಕ್ಕವು ಮಿಂಚಿದವೋ ಇಲ್ಲವೋ ಅನ್ನುವಷ್ಟು.
ಹತ್ತಕ್ಕೆ ಪಾಳಿ ಮುಗಿದ ಸೈರನ್ನು.

ಆಗ ಓಡಿದೆ.
ವೈಂಡರ್ ಮನೆಯ ಬಾಗಿಲಲ್ಲಿ ಮೌನೇಶ ಎಲೆ ಹಾಕುತ್ತಿದ್ದ.
"ಎಲ್ಲಿಗ್ ಹೊಂಟೀಯಕ್ಕಾ ಹಿಂಗ?"
"ಒಂದ್ ಚಿಕ್ಕಿ ಸತ್ತೈತಿ."
"ಯಾವಾಗ?"
"ನೂರಾರು ಕೋಟಿ ವರ್ಷ ಆತು."
"ಮತ್ತ ಈಗೇನ್ ಗಡಬಡಿ?"

ಅವನಿಗೆ ಒಮ್ಮೆ ಹೇಳಿದ್ದೆ:
ಎರಡು ಸತ್ತ ನಕ್ಷತ್ರ ಡಿಕ್ಕಿ ಹೊಡೆದು ಚಿನ್ನವಾಗುತ್ತದೆ ಎಂದು.
ಅಂದಿನಿಂದ ಪಂಜರದಲ್ಲಿ ಇಳಿಯುವವರಿಗೆಲ್ಲ ಅದನ್ನೇ ಹಂಚುತ್ತಾನೆ.
ಇದು ಆ ಜಾತಿಯದಲ್ಲ, ಮೌನೇಶ.
ಅವು ಎರಡು ಸೆಕೆಂಡಿನವು.
ಇದು ಒಂಟಿ ನಕ್ಷತ್ರ, ತನ್ನೊಳಗೆ ತಾನೇ ಕುಸಿದದ್ದು.

ಟ್ಯಾಂಕಿನೊಳಗೆ ಹಗಲಿನ ಕಾವು ಇನ್ನೂ ಇತ್ತು.
ಹತ್ತು ಗಂಟೆ ಆರು: ಮೊದಲ ಚಿತ್ರ.
ನಲವತ್ನಾಲ್ಕು ನಿಮಿಷ ತಡ.
ಮೂವತ್ತು ಸೆಕೆಂಡಿನಂತೆ ಅರವತ್ತು ಚಿತ್ರ,
ಮಿಲ್ಲಿನ ಹಳದಿ ದೀಪ, ಟೇಲಿಂಗ್ ದಿಬ್ಬದಿಂದೆದ್ದ ಧೂಳು,
ನಡುವೆ ಪಕ್ಕದ ಮನೆಯವರ ಮಿಕ್ಸರು ತಿರುಗಿ ವೋಲ್ಟೇಜು ಕುಂಟಿತು.

ಅರವತ್ತನ್ನೂ ಒಂದರ ಮೇಲೊಂದು ಹಾಸಿದೆ.
ಹಳೆಯ ಚಿಕ್ಕೆಗಳೆಲ್ಲ ಹಾಜರಿ ಹಾಕಿದವು.
ಇರಬೇಕಾದಲ್ಲಿ ಮಾತ್ರ ರವೆ, ಜರಡಿಯಲ್ಲಿ ಉಳಿದಂಥ ರವೆ.
ದಿಟ್ಟಿಸಿದರೆ ಒಂದು ಕಾಳು ತುಸು ಬೆಳ್ಳಗೆ.
ಇನ್ನೂ ದಿಟ್ಟಿಸಿದರೆ ಇನ್ನೂ ಬೆಳ್ಳಗೆ.
ಬೇಕು ಅನ್ನುವ ಕಣ್ಣಿನ ಚಾಳಿ ನನಗೆ ಗೊತ್ತು;
ಕುಲುಮೆಯ ಮುಂದೆ ಹೊಸ ಹುಡುಗರು
ಖಾಲಿ ಬಟ್ಟಲಿನಲ್ಲೂ ಚಿನ್ನ ಕಂಡದ್ದುಂಟು.
ಅಳೆದೆ. ಸುತ್ತಲ ಗದ್ದಲದ ಎರಡರಷ್ಟು ಮಾತ್ರ.
ಕನಿಷ್ಠ ಮೂರರಷ್ಟಿರಬೇಕು ಅನ್ನುವುದು ಕಟ್ಟಳೆ.

ಬರೆದೆ: ಹಟ್ಟಿಯಿಂದ, ಎಂಟಿಂಚಿನ ಕನ್ನಡಿಯಲ್ಲಿ,
ಹದಿನೇಳು ಪಾಯಿಂಟ್ ಎರಡರ ಕಾಂತಿಮಾನದವರೆಗೆ
ಕಾಣಲಿಲ್ಲ.

ಈ ಕೈ ಎಷ್ಟು ಸಾವಿರ ಚೀಟಿಯಲ್ಲಿ 'ನಿಲ್' ಎಂದು ಬರೆದಿಲ್ಲ!
ಭೂಗರ್ಭದ ಸಾಹೇಬರು ಅದನ್ನೂ ನಕಾಶೆಯಲ್ಲಿ ಇಡುತ್ತಾರೆ,
ಸಣ್ಣ ಬಿಳಿ ಸೊನ್ನೆಯಾಗಿ,
ಇತ್ತ ಅಗೆಯಬೇಡಿ ಎಂದು.
ಬರೆಯದೆ ಬಿಟ್ಟ ಚೀಟಿಗೆ ಮಾತ್ರ ಅಲ್ಲಿ ಜಾಗವಿಲ್ಲ.

ಮರುದಿನ ಎಲ್ಲೋ ಹಿಮದ ಬೆಟ್ಟದ ದೊಡ್ಡ ದುರ್ಬೀನಿಗೆ ಅದು ಸಿಕ್ಕಿತು,
ಇಪ್ಪತ್ತರ ಆಚೆ, ಇಳಿಯುತ್ತ.
ಗೆರೆಯನ್ನು ಹಿಂದಕ್ಕೆಳೆದು ನೋಡಿದೆ.
ನಾನು ಇಕ್ಕಳ ಹಿಡಿದು ನಿಂತಿದ್ದಾಗ, ಒಂಬತ್ತೂವರೆಗೆ,
ನನ್ನ ಕನ್ನಡಿಗೂ ಎಟುಕುವಷ್ಟಿತ್ತು.
ಹದಿಮೂರನೆಯ ಬಟ್ಟಲಿನಲ್ಲಿ ಟನ್ನಿಗೆ ನಾಲ್ಕು ಗ್ರಾಂ.

ಆ ನಕ್ಷೆಯಲ್ಲಿ ಚುಕ್ಕೆಗಳೆಲ್ಲ ಬೇರೆಯವರವು.
ನನ್ನದೊಂದು ಬಾಣ, ಕೆಳಮುಖ.
ಮೌನೇಶ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.
"ಇದು ನಮ್ಮ ಗಂಟಿ ಅಲ್ಲೇನಕ್ಕಾ, ಎರಡ್ ಸಲ ಬಡದ್ರ,
ಕೆಳಗ ಇಳಸು ಅಂತ?"

ಹೂಂ.
ಇದಕ್ಕಿಂತ ಕೆಳಗ ಐತಿ ಅಂತ.